ಅಂಗಳದ ಮಾತು: ಜೂನ್‌ನಿಂದ ಡಿಸೆಂಬರ್‌ವರೆಗೆ

ಜೂನ್ 8, 2025

ಇವತ್ತಿನಿಂದ ಬರೆದಿಡುತ್ತೇನೆ. ಕೆಲಸ ಸಣ್ಣದು. ವಾರಕ್ಕೊಂದು ತುಣುಕು, ಒಂದು ನಿಮಿಷದ್ದು. ಮೂರರಿಂದ ಆರು ವರ್ಷದ ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ನಮ್ಮ ಊರಿನವರಿಗೆ ಕನ್ನಡದಲ್ಲಿ ಹೇಳಬೇಕು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದು ಡಿಟಿಪಿ ಕೆಲಸ. ಭಾನುವಾರ ಬಿಡುವು. ಅಮ್ಮ ಅಂಗನವಾಡಿ ಟೀಚರ್ ಆಗಿದ್ದವರು, ಈಗ ನಿವೃತ್ತರು.

ಶುರುವಾದದ್ದು ಪಕ್ಕದ ಮನೆಯವರ ಒಂದು ಮಾತಿನಿಂದ. ಅವರ ಮಗನಿಗೆ ನಾಲ್ಕು ವರ್ಷ. ಅಂಗನವಾಡಿ ಬಿಡಿಸಿ ಎಲ್‌ಕೆಜಿಗೆ ಹಾಕಿದರು. ಅದು ಅವರ ಇಷ್ಟ. ಆದರೆ ಕಾರಣ ಹೇಳುವಾಗ "ಅಲ್ಲಿ ಎಂತ ಕಲಿಸ್ತಾರೆ ಟೀಚರೇ? ಉಪ್ಪಿಟ್ಟು ಕೊಟ್ಟು ಮಲಗಿಸ್ತಾರೆ, ಅಷ್ಟೇ ಅಲ್ವಾ" ಅಂದರು. ಅಮ್ಮ ಏನೂ ಹೇಳಲಿಲ್ಲ. ಒಳಗೆ ಹೋಗಿ ಪಾತ್ರೆ ತೊಳೆದರು. ಇಪ್ಪತ್ತೊಂಬತ್ತು ವರ್ಷ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರಲ್ಲ ಅಂತ ನನಗೆ ತುಂಬ ನೋವಾಯಿತು.

ಆ ಮಾತಿಗೆ ಉತ್ತರ ಕೊಡಬಹುದು ಅಂತ ಧೈರ್ಯ ಬಂದದ್ದು ಬಿರಿಯಾನಿ ಕಥೆಯಿಂದ. ನಿಮಗೆಲ್ಲ ಗೊತ್ತಿರಬಹುದು. ಈ ವರ್ಷದ ಆರಂಭದಲ್ಲಿ ಕೇರಳದ ಒಂದು ಪುಟ್ಟ ಹುಡುಗ ಅಂಗನವಾಡಿಯಲ್ಲಿ ಉಪ್ಪಿಟ್ಟಿನ ಬದಲು 'ಬಿರ್ನಾಣಿ' ಬೇಕು ಅಂದ. ಅವನ ಅಮ್ಮ ಅದನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಸಚಿವೆ ವೀಣಾ ಜಾರ್ಜ್ ಅದಕ್ಕೆ ಉತ್ತರಿಸಿದರು. ಮೊನ್ನೆ ಜೂನ್ ಆರಂಭದಲ್ಲಿ ಹೊಸ ಊಟದ ಪಟ್ಟಿ ಬಂತು. ಅದರಲ್ಲಿ ಮೊಟ್ಟೆ ಬಿರಿಯಾನಿಯೂ ಇದೆ. ಆ ಮಗು ಭಾಷಣ ಮಾಡಿರಲಿಲ್ಲ. ತನಗೆ ಬೇಕಾದ್ದನ್ನು ತನ್ನ ಮಾತಿನಲ್ಲಿ ಕೇಳಿತ್ತು. ಊಟದ ವಿಷಯ ಅಷ್ಟು ದೂರ ಹೋಗುವುದಾದರೆ ಕಲಿಕೆಯ ವಿಷಯ ನಮ್ಮ ವಾರ್ಡಿನ ಮಟ್ಟಿಗಾದರೂ ಹೋಗಲೇಬೇಕು.

ಹೆಸರು 'ಅಂಗಳದ ಮಾತು'. ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಗೆ ಹೋಗಿ ಬಾಲವಾಡಿ ನಡೆಸಿದರು. ಬಡವರ ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಅನ್ನುವುದು ಅವರ ದಾರಿ. ಅಂಗನವಾಡಿಯ ಹೆಸರಿನಲ್ಲೇ ಅಂಗಳ ಇದೆ. ನಮ್ಮಲ್ಲಿ ಅಡಿಕೆ ಒಣಗಿಸುವ ಜಾಗವೂ ಅಂಗಳ, ಮಕ್ಕಳು ಆಡುವ ಜಾಗವೂ ಅಂಗಳ.

ಜೂನ್ 22

ಮೊದಲ ಪ್ರಯತ್ನ ಯಾರನ್ನೂ ತಲುಪಲಿಲ್ಲ. ಪೋಸ್ಟರ್ ಮಾಡಿದ್ದೆ. ಅದು ನನ್ನ ದಿನನಿತ್ಯದ ಕೆಲಸ, ಆದ್ದರಿಂದ ಚಂದವಾಗಿಯೇ ಬಂದಿತ್ತು. "ಮೆದುಳಿನ ಬೆಳವಣಿಗೆಯ ಶೇ. 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೆ" ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇರುವ ಮಾತು ಅದು. ನಾಲ್ಕು ವಾಟ್ಸಾಪ್ ಗುಂಪುಗಳಿಗೆ ಹಾಕಿದೆ: ಕುಟುಂಬದ್ದು, ಕುಟುಂಬಶ್ರೀ ಮಹಿಳಾ ಸಂಘದ್ದು, ಹಳೆ ವಿದ್ಯಾರ್ಥಿಗಳದ್ದು, ಬ್ರಹ್ಮಕಲಶ ಮುಗಿದರೂ ಉಳಿದುಕೊಂಡಿರುವ ದೇವಸ್ಥಾನದ್ದು. ಕೆಲವು ಹೆಬ್ಬೆಟ್ಟುಗಳು ಬಂದವು. ಒಂದು ಪ್ರಶ್ನೆಯೂ ಬರಲಿಲ್ಲ.

ಅಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ ಓದಿದರು. "ಇದನ್ನು ಓದಿದ ತಾಯಿ ಇವತ್ತು ಸಂಜೆ ಎಂತ ಮಾಡ್ಬೇಕು? ಅದನ್ನು ಹೇಳ್ಲೇ ಇಲ್ಲ ನೀನು" ಅಂದರು. ಮತ್ತೆ, "ಗೋಡೆಗೆ ಅಂಟಿಸುವ ಕಾಗದ ಇದು. ನಾನು ಅಂಥದ್ದು ಎಷ್ಟೋ ಅಂಟಿಸಿದ್ದೇನೆ, ಯಾರೂ ನಿಂತು ಓದಿದ್ದು ನೋಡ್ಲಿಲ್ಲ."

ಜುಲೈ 6

ಕುಟುಂಬಶ್ರೀ ಸಭೆಗೆ ಹೋದಾಗ ಸುಮ್ನೆ ಕೂತು ನೋಡಿದೆ. ಬೀಡಿ ಕಟ್ಟುವವರ ಸೂಪು, ಅಂದರೆ ಮೊರ, ತೊಡೆಯ ಮೇಲಿದೆ. ಮನೆಗಳಲ್ಲಿ ಮಳೆಗಾಲದ ಅಡಿಕೆ ಸುಲಿಯುವ ಕೆಲಸ. ಕೈಗಳಿಗೆ ಬಿಡುವಿಲ್ಲ, ಕಣ್ಣಿಗೂ ಇಲ್ಲ. ಕಿವಿ ಮಾತ್ರ ಖಾಲಿ. ಫೋನ್ ಪಕ್ಕದಲ್ಲಿ ಹಾಡುತ್ತಾ ಇರುತ್ತದೆ.

ಹಾಗಾಗಿ ಪೋಸ್ಟರ್ ಬಿಟ್ಟೆ. ಇನ್ನು ಮುಂದೆ ಆಡಿಯೋ. ಧ್ವನಿ ಅಮ್ಮನದ್ದು.

ರೆಕಾರ್ಡಿಂಗ್‌ಗೆ ಮಳೆಯೇ ದೊಡ್ಡ ತೊಂದರೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಮಾತು ಕೇಳುವುದೇ ಇಲ್ಲ. ಕೊನೆಗೆ ಬಟ್ಟೆ ಇಡುವ ಒಳಕೋಣೆ ಸರಿಹೋಯಿತು. ಕಪಾಟಿನ ಬಾಗಿಲು ತೆರೆದು, ಸೀರೆಗಳ ಕಡೆಗೆ ಮುಖ ಮಾಡಿ ಮಾತಾಡಿದರೆ ಧ್ವನಿ ಗುಂಯ್‌ಗುಡುವುದಿಲ್ಲ. ಫೋನ್ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ 'ಪ', 'ಬ' ಬಂದಾಗಲೆಲ್ಲ ಉಸಿರು ಹೊಡೆಯುತ್ತದೆ.

ಮೊದಲ ತುಣುಕು ಅಡಿಕೆ ವಿಂಗಡಿಸುವ ಅಜ್ಜನ ಬಗ್ಗೆ. ಪಟೋರ ಒಂದು ಕಡೆ, ಉಳ್ಳಿಗಡ್ಡೆ ಒಂದು ಕಡೆ, ಕರಿಗೋಟು ಮತ್ತೊಂದು ಕಡೆ. ಪಕ್ಕದಲ್ಲಿ ಮೊಮ್ಮಗಳು ಕೂತಿದ್ದಾಳೆ. ಅವಳನ್ನು ಓಡಿಸಬೇಡಿ ಅಂತ ಅಮ್ಮ ಹೇಳುತ್ತಾರೆ. ಅವಳ ಕೈಗೆ ಹತ್ತು ಅಡಿಕೆ ಕೊಡಿ. ಇದು ಯಾಕೆ ಆ ರಾಶಿಗೆ ಹೋಯಿತು ಅಂತ ಕೇಳಿ. ಉತ್ತರ ತಪ್ಪಾದರೂ ಪರವಾಗಿಲ್ಲ, ಅವಳು ಕಾರಣ ಹುಡುಕುತ್ತಿದ್ದಾಳೆ. ಒಂದೇ ತರದ್ದನ್ನು ಒಟ್ಟಿಗೆ ಸೇರಿಸುವುದು, ಬೇರೆಯದ್ದನ್ನು ಬೇರೆ ಇಡುವುದು, ಅಲ್ಲೇ ಲೆಕ್ಕದ ಬೇರು ಇರುವುದು.

ಐವತ್ತೆಂಟು ಸೆಕೆಂಡ್. ಈ ಸಲ ಹನ್ನೊಂದು ಜನ ಮಾತಿನಲ್ಲೇ ಉತ್ತರ ಕಳಿಸಿದರು. ಒಬ್ಬ ಅಜ್ಜ ಕೇಳಿದ್ದು: "ಕೋಕ ಬಿಟ್ಟದ್ದು ಯಾಕೆ?" ಅದೂ ಅಡಿಕೆಯ ಒಂದು ತರವೇ.

ಜುಲೈ 20

ಇದು ಬೇರೆಯವರಿಗೂ ಉಪಯೋಗವಾಗಬಹುದು. ಗುಂಪಿನಲ್ಲಿ ಎಲ್ಲರಿಗೂ ಗದ್ದಲ ಆಗುತ್ತದೆ ಅಂತ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದ್ದೆ. ಅರ್ಧಕ್ಕೂ ಜಾಸ್ತಿ ಜನರಿಗೆ ತಲುಪಲೇ ಇಲ್ಲ. ಕಾರಣ ಸರಳ. ನನ್ನ ನಂಬರ್ ಅವರ ಫೋನಿನಲ್ಲಿ ಸೇವ್ ಆಗಿರಬೇಕು, ಇಲ್ಲದಿದ್ದರೆ ಬ್ರಾಡ್‌ಕಾಸ್ಟ್ ಹೋಗುವುದಿಲ್ಲ. ಮನೆಮನೆಗೆ ಹೋಗಿ ಸೇವ್ ಮಾಡಿಸಿದೆ. 'ಅಂಗಳ ಟೀಚರ್' ಅಂತ. ಈ ಸುತ್ತಾಟದಲ್ಲಿ ಸಿಕ್ಕಿದ ವಿಷಯ ಫೋನಿನಲ್ಲಿ ಸಿಕ್ಕಿದ್ದಕ್ಕಿಂತ ಜಾಸ್ತಿ.

ಸ್ಟೇಟಸ್ 24 ಗಂಟೆಯಲ್ಲಿ ಅಳಿಸಿಹೋಗುತ್ತದೆ. ಆದರೂ ಶನಿವಾರ ಸಂಜೆ ಹಾಕುತ್ತೇನೆ. ಗುಂಪಿನಲ್ಲಿ ಮಾತಾಡದವರು ಸ್ಟೇಟಸ್‌ಗೆ ಉತ್ತರ ಕೊಡುತ್ತಾರೆ, ಅದು ನಮ್ಮಿಬ್ಬರ ನಡುವಿನ ಮಾತಾಗಿರುತ್ತದೆ ಅಂತ ಇರಬೇಕು.

ಆಗಸ್ಟ್ 3

ತುಳುವರ ಆಟಿ ತಿಂಗಳು. ಚೆನ್ನೆಮಣೆ ಅಟ್ಟದಿಂದ ಇಳಿಯಿತು. ಇದಕ್ಕೆ ಆಡಿಯೋ ಸಾಲದು, ವಿಡಿಯೋವೇ ಬೇಕು. ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಬೀಜ. ಅಜ್ಜಿಯ ಕೈ ಮತ್ತು ಮಗುವಿನ ಕೈ ಮಾತ್ರ ಕಾಣುವ ಹಾಗೆ ಹಿಡಿದೆ. ಬೀಜ ಬೀಳುವ ಸದ್ದಿನ ಜೊತೆ ತುಳುವಿನಲ್ಲಿ ಎಣಿಕೆ: ಒಂಜಿ, ರಡ್ಡ್, ಮೂಜಿ, ನಾಲ್.

ಅಮ್ಮ ಹೇಳಿದ್ದು ಇಷ್ಟೇ. ಬಾಯಿಪಾಠದಲ್ಲಿ ನೂರರವರೆಗೆ ಹೇಳುವ ಮಗುವೂ 'ನಾಲ್ಕು ಬೀಜ ಕೊಡು' ಅಂದರೆ ಕೆಲವೊಮ್ಮೆ ಹಿಡಿ ತುಂಬ ಕೊಡುತ್ತದೆ. ಇಲ್ಲಿ ಒಂದು ಗುಳಿಗೆ ಒಂದೇ ಬೀಜ ಬೀಳಬೇಕು. ಬೆರಳು, ಕಣ್ಣು, ಬಾಯಿ ಮೂರೂ ಒಟ್ಟಿಗೆ ನಡೆಯಬೇಕು. ಜೊತೆಗೆ ತನ್ನ ಸರದಿ ಬರುವವರೆಗೆ ಕಾಯಬೇಕು. ನಾಲ್ಕು ವರ್ಷದ ಮಗುವಿಗೆ ಕಾಯುವುದು ದೊಡ್ಡ ಪಾಠ.

ಆಗಸ್ಟ್ 24

ಚೆನ್ನೆಮಣೆ ವಿಡಿಯೋ, ತುಂಬ ಸಲ ಫಾರ್ವರ್ಡ್ ಆದದ್ದಕ್ಕೆ ಬರುವ ಎರಡು ಬಾಣದ ಗುರುತಿನೊಂದಿಗೆ, ಬೆಂಗಳೂರಿನ ಚಿಕ್ಕಮ್ಮನಿಂದ ನನಗೇ ವಾಪಸ್ ಬಂತು. ಸಂತೋಷ ಆಯಿತು. ಆದರೆ ಕೊನೆಯ ಹತ್ತು ಸೆಕೆಂಡ್ ಯಾರೋ ಕತ್ತರಿಸಿದ್ದರು. "ನಿಮ್ಮ ಹತ್ತಿರದ ಅಂಗನವಾಡಿಗೆ ಒಮ್ಮೆ ಹೋಗಿ ನೋಡಿ" ಎಂಬ ಮಾತು ಇದ್ದದ್ದು ಅಲ್ಲೇ. ಈಗ ಮುಖ್ಯ ಮಾತನ್ನು ಮೊದಲ ಹತ್ತು ಸೆಕೆಂಡಿಗೆ ತಂದಿದ್ದೇನೆ.

ಇನ್ನೊಂದು ವಿಷಯ ಬರೆಯಲೇಬೇಕು. ಹೋದ ವಾರ ಅಂಗನವಾಡಿಯ ಹಾಡಿನ ತುಣುಕಿನಲ್ಲಿ ಒಂದು ಮಗುವಿನ ಮುಖ ಕಂಡಿತ್ತು. ಟೀಚರನ್ನು ಕೇಳಿದ್ದೆ, ತಾಯಿಯನ್ನು ಕೇಳಿರಲಿಲ್ಲ. ಆ ತಾಯಿ ಫೋನ್ ಮಾಡಿ "ಅಕ್ಕ, ಅದನ್ನು ತೆಗೀರಿ" ಅಂದರು. ತೆಗೆದೆ, ಮನೆಗೆ ಹೋಗಿ ಕ್ಷಮೆ ಕೇಳಿದೆ. ಫಾರ್ವರ್ಡ್ ಆಗಿ ಹೋದದ್ದನ್ನು ಮಾತ್ರ ಹಿಂದೆ ತರಲು ಆಗಲಿಲ್ಲ. ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಅಂತ 2023ರ ಡೇಟಾ ರಕ್ಷಣೆ ಕಾಯ್ದೆಯೂ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಇದು ತಪ್ಪೇ. ಇನ್ನು ಕೈ, ಬೆನ್ನು, ಧ್ವನಿ ಮಾತ್ರ. ಧ್ವನಿಗೂ ಒಪ್ಪಿಗೆ ಕೇಳಿ.

ಸೆಪ್ಟೆಂಬರ್ 14

ಭಾಷೆಯ ವಿಷಯ. ಕಾಸರಗೋಡು ಸಪ್ತಭಾಷೆಗಳ ನಾಡು ಅಂತ ಭಾಷಣದಲ್ಲಿ ಹೇಳುವುದು ಸುಲಭ. ಅಂಗನವಾಡಿಯ ಚಾಪೆಯ ಮೇಲೆ ಕೂತರೆ ಅದರ ಅರ್ಥ ಗೊತ್ತಾಗುತ್ತದೆ. ಹತ್ತು ಮಕ್ಕಳಲ್ಲಿ ತುಳು, ಹವ್ಯಕ, ಬ್ಯಾರಿ, ಮಲಯಾಳ, ಮರಾಟಿ ಎಲ್ಲ ಇದೆ. ಪುತ್ತೂರು, ಸುಳ್ಯದ ಕಡೆಯಿಂದ ಮದುವೆಯಾಗಿ ಬಂದ ತಾಯಂದಿರಿಗೆ ಮಲಯಾಳದ ಸುತ್ತೋಲೆ ಓದಲು ಬರುವುದಿಲ್ಲ. ಮಲಯಾಳ ಮೀಡಿಯಂನಲ್ಲಿ ಓದಿದ ತಾಯಂದಿರಿಗೆ ನನ್ನ ಕನ್ನಡ ಪೋಸ್ಟರ್ ಓದಲು ಬರುತ್ತಿರಲಿಲ್ಲ. ಕೇಳಿದರೆ ಇಬ್ಬರಿಗೂ ಅರ್ಥ ಆಗುತ್ತದೆ. ಆಡಿಯೋ ಹಿಡಿದದ್ದಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ಜಾಸ್ತಿ ಬರುವ ಪ್ರಶ್ನೆ: "ಮನೆಯಲ್ಲಿ ತುಳು ಮಾತಾಡಿದರೆ ಮಗು ಹಿಂದೆ ಬೀಳುವುದಿಲ್ವಾ?" ಬೀಳುವುದಿಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಈ ವಯಸ್ಸಿಗೆ ಮನೆಮಾತೇ ಒಳ್ಳೆಯದು ಅನ್ನುತ್ತದೆ. ಕಥೆ ಕೇಳಿದ ಮಗು ಮುಂದೇನಾಯಿತು ಅಂತ ಊಹಿಸಬೇಕು. ಗೊತ್ತಿಲ್ಲದ ಭಾಷೆಯಲ್ಲಿ ಹೇಗೆ ಊಹಿಸುತ್ತದೆ?

ಸಂವಿಧಾನದ 350ಎ ವಿಧಿ 1956ರಲ್ಲೇ ಸೇರಿದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಸೌಲಭ್ಯ ಇರಲಿ ಅನ್ನುತ್ತದೆ. ಕಾಸರಗೋಡಿನ ಕನ್ನಡಿಗರಿಗೆ ಇದು ಗೊತ್ತು, ಹೋರಾಟವೂ ಹಳೆಯದು. ಆದರೆ ನಮ್ಮ ಹೋರಾಟ ಯಾವಾಗಲೂ ಒಂದನೇ ತರಗತಿಯಿಂದ ಶುರುವಾಗುತ್ತದೆ. ಅದಕ್ಕೂ ಮೊದಲಿನ ಮೂರು ವರ್ಷವನ್ನು ನಾವೇ ಬಿಟ್ಟಿದ್ದೇವೆ ಅಂತ ನನಗೆ ಅನಿಸುತ್ತದೆ. ಆ ಮೂರು ವರ್ಷಕ್ಕೂ ನಾವು ಧ್ವನಿ ಎತ್ತಬೇಕು.

ಈ ವಾರದ ತುಣುಕು ಒಗಟು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ." ಉತ್ತರವನ್ನು ಅವರವರ ಮನೆಮಾತಿನಲ್ಲಿ ಮಕ್ಕಳೇ ಹೇಳಿ ಕಳಿಸಲಿ ಅಂದೆವು. ಮಲ್ಲಿಗೆ, ಮುಲ್ಲ, ಮೊಗ್ರ ಎಲ್ಲ ಬಂತು. ಒಂದು ಮಗು "ಬೆಳ್ಳುಳ್ಳಿ" ಅಂತು. ಅಮ್ಮ ಅದಕ್ಕೂ ಉತ್ತರ ಕಳಿಸಿದರು: "ಬಿಳಿ ಅಂತ ಹಿಡಿದೆ ಅಲ್ವಾ, ಜಾಣ."

ಅಕ್ಟೋಬರ್ 5

ಮೊನ್ನೆ ಅಕ್ಟೋಬರ್ 2ಕ್ಕೆ ಐಸಿಡಿಎಸ್‌ಗೆ, ಅಂದರೆ ಅಂಗನವಾಡಿಗಳು ನಡೆಯುವ ಸರ್ಕಾರಿ ಯೋಜನೆಗೆ, ಐವತ್ತು ವರ್ಷ. 1975ರಲ್ಲಿ ದೇಶದ 33 ಬ್ಲಾಕ್‌ಗಳಲ್ಲಿ ಶುರುವಾಯಿತು, ಕೇರಳದಲ್ಲಿ ಮೊದಲು ವೇಂಗರದಲ್ಲಿ. ಅಮ್ಮನಿಂದ ಆ ಬಗ್ಗೆ ಒಂದು ತುಣುಕು ಹೇಳಿಸಿದೆ.

ಅದಕ್ಕೆ ಶಾರ್ಜಾದಲ್ಲಿರುವ ಒಬ್ಬ ಅಪ್ಪ ಗುಂಪಿನಲ್ಲಿ ಬರೆದರು: "ಆಟ ಆಡಿಸಿ ಏನು ಲಾಭ? ಎಲ್‌ಕೆಜಿಯಲ್ಲಿ ಬರೆಯಲು ಕಲಿಸುತ್ತಾರೆ." ನಾನು ಎಲ್ಲರೆದುರು ಉದ್ದನೆಯ ಉತ್ತರ ಬರೆದೆ. ಅವರು ಗುಂಪು ಬಿಟ್ಟುಹೋದರು. ಅದು ನನ್ನ ತಪ್ಪು. ಮಗುವಿನ ಫೀಸಿಗಾಗಿ ಮನೆಬಿಟ್ಟು ದುಡಿಯುವವರು ಅವರು. ಅವರ ಪ್ರಶ್ನೆಯಲ್ಲಿ ಕಾಳಜಿ ಇತ್ತು.

ಎರಡು ದಿನ ಬಿಟ್ಟು ಅವರೊಬ್ಬರಿಗೇ ಮಾತಿನಲ್ಲಿ ಕಳಿಸಿದೆ. ಅಮೆರಿಕದ ಮಿಷಿಗನ್‌ನ ಇಪ್ಸಿಲ್ಯಾಂಟಿ ಊರಿನಲ್ಲಿ 1962ರಲ್ಲಿ ಶುರುವಾದ ಪೆರ್ರಿ ಅಧ್ಯಯನದ ಕಥೆ. 123 ಬಡ ಮಕ್ಕಳು. ಕೆಲವರಿಗೆ ಎಳವೆಯಲ್ಲೇ ಒಳ್ಳೆಯ ಶಾಲೆ ಸಿಕ್ಕಿತು, ಉಳಿದವರಿಗೆ ಇಲ್ಲ. ನಲವತ್ತು ವಯಸ್ಸಿನವರೆಗೂ ಅವರನ್ನು ಗಮನಿಸಿದರು. ಶಾಲೆ ಸಿಕ್ಕಿದವರಲ್ಲಿ ಹೈಸ್ಕೂಲ್ ಮುಗಿಸಿದವರು ಹೆಚ್ಚು, ಸಂಪಾದನೆ ಹೆಚ್ಚು, ಪೊಲೀಸರ ಕೈಗೆ ಸಿಕ್ಕಿದವರು ಕಡಿಮೆ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಇದರ ಲಾಭವನ್ನು ಲೆಕ್ಕ ಹಾಕಿ ತೋರಿಸಿದರು. ಆ ಊರು ಬೇರೆ, ನಮ್ಮ ಊರು ಬೇರೆ, ಅಂಕಿಯನ್ನು ಹಾಗೆಯೇ ತಂದು ಇಲ್ಲಿಗೆ ಅಂಟಿಸಬಾರದು ಅಂತಲೂ ಹೇಳಿದೆ. ಆದರೆ ಆ ಶಾಲೆಯಲ್ಲಿ ಬಾಯಿಪಾಠ ಇರಲಿಲ್ಲ. ಮಕ್ಕಳೇ ಆರಿಸಿ, ಮಾಡಿ, ಮಾಡಿದ್ದನ್ನು ಹೇಳಬೇಕಿತ್ತು. ಟೀಚರ್ ವಾರಕ್ಕೊಮ್ಮೆ ಮನೆಗೂ ಹೋಗುತ್ತಿದ್ದರು.

ಬರೆಯುವ ವಿಷಯಕ್ಕೆ ಅಮ್ಮನ ಉತ್ತರ ಸೇರಿಸಿದೆ: ಚಪಾತಿ ಹಿಟ್ಟು ನಾದಲಿ, ಅಕ್ಕಿಯಿಂದ ಕಲ್ಲು ಹೆಕ್ಕಲಿ, ತೆಂಗಿನ ಗರಿಯ ಪೀಪಿ ಸುತ್ತಲಿ. ಬೆರಳಿಗೆ ಬಲ ಬರಲಿ, ಪೆನ್ಸಿಲ್ ತಾನಾಗಿ ನಿಲ್ಲುತ್ತದೆ.

ನಿನ್ನೆ ರಾತ್ರಿ ಅವರಿಂದ ಮೂರು ನಿಮಿಷದ ಮಾತು ಬಂತು. ವಿಡಿಯೋ ಕಾಲ್‌ನಲ್ಲಿ ಮಗಳ ಜೊತೆ ಏನು ಮಾತಾಡಬೇಕು ಅಂತ ಗೊತ್ತಾಗುವುದಿಲ್ಲ, "ಊಟ ಆಯ್ತಾ" ಕೇಳಿದ ಮೇಲೆ ಮಾತು ಮುಗಿಯುತ್ತದೆ ಅಂದರು. ಆ ಮಾತು ಕೇಳಿ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಈಗ ಗಲ್ಫ್‌ನಲ್ಲಿರುವ ಅಪ್ಪಂದಿರಿಗೆ ಬೇರೆಯೇ ತುಣುಕು ಮಾಡುತ್ತಿದ್ದೇವೆ. ಫೋನಿನಲ್ಲಿ ಆಡಬಹುದಾದ ಆಟಗಳು: ನನ್ನ ಕೋಣೆಯಲ್ಲಿ ಕೆಂಪಗಿನದ್ದು ಏನಿದೆ ಹೇಳು, ನಿನ್ನ ಅಡುಗೆಮನೆಯಲ್ಲಿ ಉರುಟಾದ ಮೂರು ವಸ್ತು ತೋರಿಸು.

ನವೆಂಬರ್ 30

ಪಂಚಾಯತ್ ಚುನಾವಣೆ. ಡಿಸೆಂಬರ್ 11ಕ್ಕೆ ನಮ್ಮ ಜಿಲ್ಲೆಯಲ್ಲಿ ಮತದಾನ. ಕೇರಳದಲ್ಲಿ ಅಂಗನವಾಡಿಯ ಹೊಣೆ ಪಂಚಾಯತಿಗೂ ಇದೆ. ಕೇಳಲು ಇದೇ ಸಮಯ. ನಮ್ಮ ವಾರ್ಡಿನ ಅಂಗನವಾಡಿ ರಸ್ತೆಯ ಬದಿಯಲ್ಲಿದೆ, ಆವರಣ ಗೋಡೆ ಇಲ್ಲ. ಮಕ್ಕಳನ್ನು ಹೊರಗೆ ಆಡಲು ಬಿಡಲು ಟೀಚರಿಗೆ ಹೆದರಿಕೆ. ಅಂಗಳ ಇದ್ದೂ ಅಂಗಳ ಇಲ್ಲ.

ತಾಯಂದಿರು ಸೇರಿ ಒಂದೇ ಪ್ರಶ್ನೆ ಆರಿಸಿದರು: "ಮಳೆಗಾಲಕ್ಕೆ ಮೊದಲು ಗೋಡೆ ಕಟ್ಟಿಸುತ್ತೀರಾ?" ಹತ್ತು ಬೇಡಿಕೆ ಇಟ್ಟರೆ ಎಲ್ಲದಕ್ಕೂ "ನೋಡೋಣ" ಅಂತ ಒಂದೇ ಉತ್ತರ ಬರುತ್ತದೆ. ಮೂವರು ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ, ಅದೇ ಒಂದು ನಿಮಿಷ, ಅವರ ಒಪ್ಪಿಗೆ ಪಡೆದೇ ರೆಕಾರ್ಡ್. ಮೂರನ್ನೂ ಒಟ್ಟಿಗೆ ಹಾಕಿದೆವು, ನಮ್ಮ ಮಾತು ಒಂದನ್ನೂ ಸೇರಿಸಲಿಲ್ಲ. ಯಾರಿಗೆ ಓಟು ಅನ್ನುವ ಚರ್ಚೆ ಈ ಗುಂಪಿನಲ್ಲಿ ಬೇಡ ಅಂತ ಮೊದಲೇ ಹೇಳಿದ್ದೆವು.

ಡಿಸೆಂಬರ್ 14

ನಿನ್ನೆ ಎಣಿಕೆ ಮುಗಿಯಿತು. ಗೆದ್ದವರ ಒಂದು ನಿಮಿಷವನ್ನು ಇವತ್ತು ಬೆಳಿಗ್ಗೆ ಅವರಿಗೇ ಕಳಿಸಿದೆ, ಅಭಿನಂದನೆಯ ಜೊತೆ. "ನೆನಪಿದೆ ಅಕ್ಕ" ಅಂತ ಉತ್ತರ ಬಂದಿದೆ. ಜನವರಿಯಲ್ಲಿ ತಾಯಂದಿರ ಜೊತೆ ಪಂಚಾಯತಿಗೆ ಹೋಗುವುದು.

ಅಂಗಳದಲ್ಲಿ ಹೊಸ ಅಡಿಕೆ ಹರವಿದ್ದೇವೆ. ಪಕ್ಕದ ಮನೆಯ ಹುಡುಗ ಈಗಲೂ ಎಲ್‌ಕೆಜಿಗೇ ಹೋಗುತ್ತಾನೆ. ಸಂಜೆ ವ್ಯಾನ್ ಇಳಿದವನು ಬ್ಯಾಗ್ ಜಗಲಿಯಲ್ಲಿಟ್ಟು ನೇರ ಅಮ್ಮನ ಹತ್ತಿರ ಬರುತ್ತಾನೆ. ಇಬ್ಬರೂ ಕೂತು ಅಡಿಕೆ ಎಣಿಸುತ್ತಾರೆ. ಮೊನ್ನೆ ಅವನ ಅಮ್ಮ ಬೇಲಿಯ ಆಚೆಯಿಂದ ಅದನ್ನು ರೆಕಾರ್ಡ್ ಮಾಡಿ ತಾವೇ ಗುಂಪಿಗೆ ಹಾಕಿದರು. ನಲವತ್ತು ಸೆಕೆಂಡ್. ಐದಾದ ಮೇಲೆ ಅವನು ಏಳು ಅಂದಿದ್ದಾನೆ. ಅಮ್ಮ ತಿದ್ದಿಲ್ಲ, "ಇನ್ನೊಮ್ಮೆ ಮುಟ್ಟಿ ನೋಡುವಾ" ಅಂದಿದ್ದಾರೆ. ಎರಡನೇ ಸಲ ಅಡಿಕೆ ಮುಟ್ಟಿ ಮುಟ್ಟಿ ಎಣಿಸುತ್ತಾ ಬಂದವನು ಐದರ ಹತ್ತಿರ ನಿಲ್ಲುತ್ತಾನೆ. ಸ್ವಲ್ಪ ಹೊತ್ತು ಕಾಗೆಯ ಕೂಗು ಮಾತ್ರ ಕೇಳುತ್ತದೆ. ಆಮೇಲೆ ಜೋರಾಗಿ, "ಆರು!"