ಆಯಸ್ಕಾಂತಕ್ಕೆ ಅಂಟಿದ ಡಾಲರ್

ನಾವಿರುವ ಮೇರಿಲ್ಯಾಂಡ್‌ನಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ಸೇರುತ್ತದೆ. ಹೋದ ವಾರ ಅಲ್ಲಿ 1804ರ ಬೆಳ್ಳಿ ಡಾಲರ್ ಕಣ್ಣಿಗೆ ಬಿತ್ತು. 20 ಡಾಲರ್ ಅಂದ. ಚೌಕಾಸಿ ಮಾಡಿ 15ಕ್ಕೆ ತಂದೆ.

ಮನೆಗೆ ಬಂದು ಅಡುಗೆಮನೆ ಕಟ್ಟೆ ಮೇಲೆ ಬೀಳಿಸಿದೆ. ಊರಲ್ಲಿ ನಮ್ಮಜ್ಜಿ ಬೆಳ್ಳಿ ರೂಪಾಯಿಯನ್ನು ಹಾಗೇ ನೋಡುತ್ತಿದ್ದರು, ಠಣ್ ಅಂದರೆ ಬೆಳ್ಳಿ. ಇದು ಟಪ್ ಅಂದಿತು. ಹಿಟ್ಟು ತೂಗುವ ತಕ್ಕಡಿಯಲ್ಲಿ ಇಟ್ಟರೆ 19 ಗ್ರಾಂ. ಇರಬೇಕಾದದ್ದು ಹತ್ತಿರ ಹತ್ತಿರ 27. ಕೊನೆಗೆ ಫ್ರಿಜ್ ಮೇಲಿದ್ದ ಮೈಸೂರು ಅರಮನೆಯ ಆಯಸ್ಕಾಂತ ಹಿಡಿದೆ. ಗಪ್ಪನೆ ಅಂಟಿಕೊಂಡಿತು! ಬೆಳ್ಳಿ ಎಲ್ಲಾದರೂ ಅಂಟುತ್ತಾ?

ಹೋಗಲಿ ಬಿಡಿ. ಅಸಲಿ 1804ರ ಡಾಲರ್ ಕೂಡ 1804ರದ್ದಲ್ಲ. ಆ ವರ್ಷ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ 19,570 ಡಾಲರ್ ಮಾಡಿದ್ದು ಲೆಕ್ಕದಲ್ಲಿದೆ. ಆದರೆ ಹಳೇ ಇಸವಿಯ ಅಚ್ಚುಗಳೇ ಇನ್ನೂ ಚೆನ್ನಾಗಿದ್ದವು, ಅವನ್ನೇ ಬಳಸಿದ್ದರು. ಆಮೇಲೆ ಡಾಲರ್ ಮಾಡುವುದೇ ನಿಂತಿತು.

1834ರಲ್ಲಿ ಸರ್ಕಾರಕ್ಕೆ ಏಷ್ಯಾದ ದೊರೆಗಳ ಜೊತೆ ವ್ಯಾಪಾರ ಬೇಕಾಯಿತು. ಅರಸರ ಮುಂದೆ ಬರಿಗೈಲಿ ಹೋಗಲಾದೀತೇ? ಉಡುಗೊರೆಗೆ ಎಲ್ಲ ಬಗೆಯ ನಾಣ್ಯಗಳ ಸೆಟ್ ಮಾಡಿ ಅಂದರು. ಡಾಲರ್ ಕೊನೆಗೆ ಮಾಡಿದ್ದು 1804ರಲ್ಲಿ ಅಂತ ಪುಸ್ತಕ ಹೇಳಿತು. ಅದೇ ಇಸವಿ ಕೆತ್ತಿ ಹೊಸ ಅಚ್ಚು ಮಾಡಿದರು. ಅಚ್ಚನ್ನೂ ಬಿಲ್ಲೆಯನ್ನೂ ಉಜ್ಜಿ ಕನ್ನಡಿ ಥರ ಹೊಳೆಯುವಂತೆ ಮಾಡಿದ ಇಂಥ ನಾಣ್ಯಕ್ಕೇ ಪ್ರೂಫ್ ಅನ್ನುವುದು. ಎಡ್ಮಂಡ್ ರಾಬರ್ಟ್ಸ್ ಎಂಬ ರಾಯಭಾರಿ ಹಡಗಿನಲ್ಲಿ ಒಯ್ದು ಮಸ್ಕತ್ ಸುಲ್ತಾನನಿಗೂ ಸಯಾಂ (ಈಗಿನ ಥಾಯ್ಲೆಂಡ್) ದೊರೆಗೂ ಒಂದೊಂದು ಸೆಟ್ ಒಪ್ಪಿಸಿದ. ಜಪಾನಿಗೆ ತಲುಪುವ ಮೊದಲೇ, 1836ರಲ್ಲಿ, ಮಕಾವಿನಲ್ಲಿ ತೀರಿಕೊಂಡ.

ಈ ನಾಣ್ಯದ ಸುದ್ದಿ ಹಬ್ಬಿದ ಮೇಲೆ, 1858ರ ಹೊತ್ತಿಗೆ, ಟಂಕಸಾಲೆಯ ಒಳಗಿನವರೇ ಗುಟ್ಟಾಗಿ ಇನ್ನಷ್ಟು ಮಾಡಿದರು. ಒಂದನ್ನಂತೂ 1857ರ ಸ್ವಿಟ್ಜರ್ಲೆಂಡ್ ನಾಣ್ಯದ ಮೇಲೇ ಒತ್ತಿದ್ದಾರೆ! ಅದೀಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಎಲ್ಲ ಸೇರಿ ಗೊತ್ತಿರುವುದು 16 ನಾಣ್ಯ ಮಾತ್ರ. ಅದರಲ್ಲಿ 8 ಉಡುಗೊರೆ ಕಾಲದವು, ಬೆಲೆ ಜಾಸ್ತಿ ಇರುವುದು ಅವಕ್ಕೇ.

ಮಸ್ಕತ್ ಸುಲ್ತಾನನಿಗೆ ಹೋಗಿದ್ದು ಅನ್ನುವ ನಾಣ್ಯ 1999ರ ಹರಾಜಿನಲ್ಲಿ 41 ಲಕ್ಷ ಡಾಲರ್ ದಾಟಿತು. 2021ರಲ್ಲಿ ಅದೇ ನಾಣ್ಯಕ್ಕೆ 76.8 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ 57 ಕೋಟಿ ರೂಪಾಯಿ.

ನನ್ನದು ಫ್ರಿಜ್ ಮೇಲೆ ಅರಮನೆಗೆ ಅಂಟಿಕೊಂಡೇ ಇದೆ. ಮನೆಗೆ ಬಂದವರಿಗೆಲ್ಲ ಮಗಳು ತೋರಿಸುತ್ತಾಳೆ: "ಇದಕ್ಕೆ 57 ಕೋಟಿ, ಗೊತ್ತಾ?"