‘ಬರೆಯುವ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ?’ ಎಂದು ಕೇಳುವವರಿಗೆ

ಹೊಸದಾಗಿ ಕತೆ ಬರೆಯುವವರು ಎಲ್ಲಿ ಸಿಕ್ಕರೂ ಕೇಳುವುದು ಇದನ್ನೇ: ‘ಶುರು ಮಾಡುವಾಗ ಇದ್ದ ಹುಮ್ಮಸ್ಸು ಎರಡು ಪುಟ ಆಗುವಷ್ಟರಲ್ಲಿ ಇಳಿದುಹೋಗುತ್ತದೆ. ನಿಮಗೆ ಹೇಗೆ ಉಳಿಯುತ್ತದೆ?’ ನನಗೂ ಉಳಿಯುವುದಿಲ್ಲ ಎಂದರೆ ಏನೋ ಗುಟ್ಟು ಮುಚ್ಚಿಡುತ್ತಿದ್ದೇನೆ ಎಂಬಂತೆ ನೋಡುತ್ತಾರೆ.

ಬಿಡುವಿಲ್ಲ ಎಂಬ ಕಾರಣವನ್ನು ನಾನು ಹೆಚ್ಚು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಕತೆ ಬರೆದರು. ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ ಉತ್ತರ ಕನ್ನಡದ ಹನೇಹಳ್ಳಿಯನ್ನು ಮತ್ತೆ ಮತ್ತೆ ಕತೆಗಳಿಗೆ ತಂದರು. ಬಾನು ಮುಷ್ತಾಕ್ ಅವರಿಗೆ ವಕೀಲಿ ವೃತ್ತಿಯಿತ್ತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಅವರ ಸಂಕಲನದ 12 ಕತೆಗಳು 1990ರಿಂದ 2023ರ ನಡುವೆ ಬರೆದವು. ಅಷ್ಟೂ ವರ್ಷ ಯಾರಿಗಾದರೂ ಹುಮ್ಮಸ್ಸು ಒಂದೇ ಸಮನೆ ಇದ್ದೀತೆಂದು ನಾನಂತೂ ನಂಬಲಾರೆ.

ನನ್ನನ್ನು ಮತ್ತೆ ಮೇಜಿನ ಮುಂದೆ ಕೂರಿಸುವುದು ಕರಡಿನೊಳಗಿನ ಯಾವುದೋ ಒಂದು ತೊಡಕು. ‘ಕತೆ ಚೆನ್ನಾಗಿ ಬರಬೇಕು’ ಎಂದುಕೊಂಡು ಕುಳಿತರೆ ಕೈ ಓಡದು. ‘ಸೊಸೆ ಮನೆ ಬಿಟ್ಟು ಹೋಗುವ ವಿಷಯ ಅತ್ತೆಗೆ ಮೊದಲೇ ಗೊತ್ತಿತ್ತೆಂಬುದನ್ನು ಬಾಯಿಬಿಟ್ಟು ಹೇಳದೆ ಹೇಗೆ ತಿಳಿಸಲಿ?’ ಎಂದು ಕುಳಿತರೆ ಓಡುತ್ತದೆ. ಬಸ್ಸಿನಲ್ಲಿದ್ದರೂ ಅಡುಗೆಮನೆಯಲ್ಲಿದ್ದರೂ ಅದೇ ತಲೆ ತಿನ್ನುತ್ತಿರುತ್ತದೆ. ಕಸುಬು ಕಲಿತಷ್ಟೂ ಇಂಥ ತೊಡಕುಗಳು ಕಣ್ಣಿಗೆ ಬೀಳುತ್ತವೆ. ಕಲಿಯದಿದ್ದರೆ ಕರಡು ಸುಮ್ಮನೆ ‘ಏನೋ ಸರಿಯಿಲ್ಲ’ ಎನ್ನಿಸಿ ಬೇಸರ ತರಿಸುತ್ತದೆ, ಅಷ್ಟೇ.

ಕನ್ನಡದಲ್ಲಿ ಬರೆಯುವವರಿಗೆ ಮೊದಲು ಎದುರಾಗುವುದು ಕ್ರಿಯಾಪದ. ಸಾಮಾನ್ಯವಾಗಿ ವಾಕ್ಯದ ಕೊನೆಗೇ ಬಂದು ಕೂರುವುದರಿಂದ ‘ಬಾಗಿಲು ತೆರೆದಳು. ಒಳಗೆ ಬಂದಳು. ಚೀಲ ಇಟ್ಟಳು. ತಂಬಿಗೆ ನೋಡಿದಳು’ ಎಂದು ಹಾಜರಿ ಕೂಗಿದಂತೆ ಗದ್ಯ ಸಾಗುತ್ತದೆ. ‘ಬಾಗಿಲು ತೆರೆದು ಒಳಗೆ ಬಂದವಳೇ ಚೀಲವನ್ನು ಮೂಲೆಗೆ ಎಸೆದಳು. ತಂಬಿಗೆಯಲ್ಲಿ ಹನಿ ನೀರಿಲ್ಲ’ ಎಂದರೆ ಅವಳ ಸಿಟ್ಟೂ ಬಂತು, ಮನೆಯ ಸ್ಥಿತಿಯೂ ಬಂತು. ನಿಮ್ಮದೇ ಒಂದು ಪುಟ ತೆಗೆದುಕೊಂಡು ವಾಕ್ಯಗಳ ಕೊನೆಯ ಪದಗಳಿಗಷ್ಟೇ ಗೆರೆ ಎಳೆದು ನೋಡಿ. ನಿಮಗೆ ಇಷ್ಟವಾದ ಕತೆಗಾರರ ಪುಟಕ್ಕೂ ಹಾಗೆಯೇ ಮಾಡಿ. ಕಮ್ಮಟಗಳ ಭಾಷಣಕ್ಕಿಂತ ಇದು ಬೇಗ ಕಲಿಸುತ್ತದೆ.

ಮಾತುಕತೆಯಲ್ಲಂತೂ ಕನ್ನಡ ನಮಗೆ ಬಿಟ್ಟಿಯಾಗಿ ಎಷ್ಟೋ ಕೊಟ್ಟಿದೆ. ಇಷ್ಟು ದಿನ ‘ನೀನು’ ಎನ್ನುತ್ತಿದ್ದ ಅಣ್ಣ, ಜಮೀನಿನ ಪಾಲಿನ ಪ್ರಸ್ತಾಪ ಬಂದ ಕೂಡಲೇ ತಮ್ಮನಿಗೆ ‘ನೀವು ಹೇಳಿದಂತೆಯೇ ಆಗಲಿ’ ಎಂದರೆ ಮುಗಿಯಿತು. ‘ಅವನ ದನಿಯಲ್ಲಿ ಕಹಿಯಿತ್ತು’ ಎಂದು ಮತ್ತೆ ಬರೆಯಬೇಕಾಗಿಲ್ಲ. ಧಾರವಾಡದ ಅಜ್ಜಿಯ ಬಾಯಿಗೆ ಪಠ್ಯಪುಸ್ತಕದ ಕನ್ನಡ ತುರುಕುವುದು ತಪ್ಪು. ಹತ್ತಿರದಿಂದ ಕೇಳದ ಧಾರವಾಡದ ಮಾತನ್ನು ಅಣಕಿಸುವುದು ಇನ್ನೂ ದೊಡ್ಡ ತಪ್ಪು. ನನಗೆ ಗೊತ್ತಿಲ್ಲದ ಸೀಮೆಯ ಪಾತ್ರಗಳಿಗೆ ನಾನು ಮಾತು ಕಡಿಮೆ ಕೊಡುತ್ತೇನೆ. ಅದನ್ನು ಕೆಲವರು ಸಂಯಮ ಎಂದು ಹೊಗಳಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿಗೆ ಕಳಿಸಬೇಕೇ ಎಂದೂ ಕೇಳುತ್ತಾರೆ. ಕಳಿಸಿ. ಕೊನೆಯ ದಿನಾಂಕ ಎಂಬುದೊಂದು ಇದ್ದರೆ ಎಂಥ ಸೋಮಾರಿಯೂ ಕತೆ ಮುಗಿಸುತ್ತಾನೆ. ಆದರೆ ಆಯ್ಕೆಯಾಗದ ಪ್ರತಿಯೊಂದು ಕತೆಗೂ ಕಾರಣ ಬರೆದು ತಿಳಿಸುವ ಪುರುಸೊತ್ತು ಯಾವ ಸಂಪಾದಕರಿಗಿದೆ? ಅದಕ್ಕೆ ನಿಮ್ಮ ಸುತ್ತಲಿನ ಒಬ್ಬ ಓದುಗರನ್ನು ಹಿಡಿಯಿರಿ, ಬರೆಯುವವರೇ ಆಗಬೇಕೆಂದಿಲ್ಲ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ‘ಯಾವ ಪುಟದಲ್ಲಿ ಮೊಬೈಲ್ ಕೈಗೆತ್ತಿಕೊಂಡಿರಿ?’ ಎಂದು ಕೇಳಿ.