ಹದಿನೈದು ಅಂದ್ರೆ ಫೇಲ್ ಅಲ್ವಾ?

ಜುಲೈ 22, 2025, ಮಂಗಳವಾರ

ಬೆಳಿಗ್ಗೆಯಿಂದ ಒಂದೇ ಲೆಕ್ಕ ತಲೆ ತಿನ್ನುತ್ತಿದೆ. ಆರು ಜನ ಗಂಡಸರು, ನಾಲ್ಕು ಜನ ಹೆಂಗಸರು. ಇವರಲ್ಲಿ ನಾಲ್ಕು ಜನರ ಒಂದು ಸಮಿತಿ ಮಾಡಬೇಕು. ಕಡಿಮೆ ಅಂದರೂ ಇಬ್ಬರು ಹೆಂಗಸರು ಇರಬೇಕು. ಎಷ್ಟು ರೀತಿಯಲ್ಲಿ ಮಾಡಬಹುದು?

ನಾನು ಮಾಡಿದ್ದು ಹೀಗೆ. ಮೊದಲು ನಾಲ್ವರು ಹೆಂಗಸರಲ್ಲಿ ಇಬ್ಬರನ್ನು ಆರಿಸಿದೆ, 6 ರೀತಿ. ಷರತ್ತು ಅಲ್ಲಿಗೆ ಮುಗಿಯಿತಲ್ಲ, ಇನ್ನು ಉಳಿದ ಎಂಟು ಜನರಲ್ಲಿ ಯಾರಾದರೂ ಇಬ್ಬರು ಬರಲಿ, 28 ರೀತಿ. ಗುಣಿಸಿದರೆ 168. ಹಿಂದಿನ ಪುಟದ ಉತ್ತರ ನೋಡಿದರೆ 115.

ಮೂರು ಸಲ ಮಾಡಿದೆ. ಮೂರು ಸಲವೂ 168. ಎಲ್ಲಿ ತಪ್ಪಿದೆ ಅಂತಲೇ ಗೊತ್ತಾಗಲಿಲ್ಲ. ಆಮೇಲೆ ಸೂತ್ರ ಬಿಟ್ಟು ಹೆಸರಿಟ್ಟು ನೋಡಿದೆ. ಸೀತಾ, ಗೀತಾ, ಲತಾ ಮೂವರೂ ಇರುವ ಒಂದು ಸಮಿತಿ. ನನ್ನ ದಾರಿಯಲ್ಲಿ ಸೀತಾ ಗೀತಾರನ್ನು ಮೊದಲು ಕರೆದು ಲತಾಳನ್ನು ಆಮೇಲೆ ಸೇರಿಸಿದರೆ ಒಂದು ಎಣಿಕೆ. ಗೀತಾ ಲತಾರನ್ನು ಮೊದಲು ಕರೆದರೆ ಇನ್ನೊಂದು. ಸೀತಾ ಲತಾ ಮೊದಲಾದರೆ ಮತ್ತೊಂದು. ಕೂತಿರುವವರು ಅದೇ ಜನ, ನಾನು ಎಣಿಸಿದ್ದು ಮೂರು ಸಲ! ನಾಲ್ವರೂ ಹೆಂಗಸರೇ ಆದರೆ ಆರು ಸಲ. ಸರಿಯಾದ ಲೆಕ್ಕ ಬೇರೆ ಬೇರೆ ಮಾಡಿ ಕೂಡುವುದು. ಇಬ್ಬರು ಹೆಂಗಸರಿದ್ದರೆ 90, ಮೂವರಿದ್ದರೆ 24, ನಾಲ್ವರೂ ಆದರೆ 1. ಒಟ್ಟು 115. ನನ್ನ 168ನ್ನೂ ಬಿಡಿಸಿ ನೋಡಿದೆ: 90, 24ರ ಮೂರರಷ್ಟು 72, ಒಂದರ ಆರರಷ್ಟು 6. ಸರಿಯಾಗಿ 168. ತಪ್ಪು ಉತ್ತರ ಎಲ್ಲಿಂದ ಬಂತು ಅಂತ ಪೂರ್ತಿ ಗೊತ್ತಾದಾಗ ಆಗುವ ಸಮಾಧಾನ ಸರಿ ಉತ್ತರ ಬಂದಾಗಲೂ ಆಗುವುದಿಲ್ಲ ನನಗೆ.

ಪಿಯುಸಿಯಲ್ಲಿ ಮೇಷ್ಟ್ರು ಹೇಳಿದ್ದು ನೆನಪಾಯಿತು. ಈ ಆರಿಸುವ ಸೂತ್ರವನ್ನು, ಅಂದರೆ ಕಾಂಬಿನೇಶನ್ ಸೂತ್ರವನ್ನು, ಅಮೋಘವರ್ಷ ನೃಪತುಂಗನ ಕಾಲದಲ್ಲೇ ಮಹಾವೀರಾಚಾರ್ಯರು ಬರೆದಿಟ್ಟಿದ್ದಾರೆ. ಸಿಹಿ, ಉಪ್ಪು, ಹುಳಿ, ಖಾರ, ಕಹಿ, ಒಗರು ಬೆರೆಸಿದರೆ ಎಷ್ಟು ಬಗೆ ರುಚಿ ಆಗುತ್ತದೆ ಅಂತ ಅವರು ಕೇಳಿದ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿಸಿದ್ದರು. 63 ಬಂದಿತ್ತು. ಸೂತ್ರ ಅಷ್ಟು ಹಳೆಯದು. ಎಲ್ಲಿ ಗುಣಿಸಬೇಕು, ಎಲ್ಲಿ ಕೂಡಬೇಕು ಅನ್ನುವುದನ್ನು ಮಾತ್ರ ಪ್ರತಿ ಸಲ ನಾವೇ ಯೋಚಿಸಬೇಕು.

ಆದರೆ ವಿದೇಶದಲ್ಲಿ ಓದೋಕೆ ಅಂತ ಬರೆಯುವ ಈ ಜಿಆರ್‌ಇ ಪರೀಕ್ಷೆಯಲ್ಲಿ ಹೀಗೆ ಸೀತಾ ಗೀತಾ ಅಂತ ಕೂರೋಕೆ ಎಲ್ಲಿ ಸಮಯ? ಗಣಿತದ ಮೊದಲ ಭಾಗದಲ್ಲಿ 12 ಪ್ರಶ್ನೆಗೆ 21 ನಿಮಿಷ, ಎರಡನೆಯದರಲ್ಲಿ 15 ಪ್ರಶ್ನೆಗೆ 26 ನಿಮಿಷ. ಒಂದಕ್ಕೆ ಎರಡು ನಿಮಿಷವೂ ಇಲ್ಲ.

ಸಂಜೆ ಅಕ್ಕ ಫೋನ್ ಮಾಡಿದಳು. ಆಷಾಢದ ಮಳೆ ಅಲ್ಲೂ ಜೋರಂತೆ. ದನಿ ಸರಿಯಿರಲಿಲ್ಲ. ಚಿನ್ನುಗೆ ವರ್ಷ ತುಂಬಿತಲ್ಲ, ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದಿದ್ದಾಳೆ. ತೂಕ 7.9 ಕೆಜಿ. ಡಾಕ್ಟರು ಚಾರ್ಟಿನಲ್ಲಿ ಚುಕ್ಕೆ ಇಟ್ಟು "ಹದಿನೈದನೇ ಪರ್ಸೆಂಟೈಲ್" ಅಂದರಂತೆ. ಏನೂ ತೊಂದರೆ ಇಲ್ಲ ಅಂತಲೂ ಹೇಳಿದ್ದಾರೆ. ಅದು ಇವಳ ಕಿವಿಗೆ ಬಿದ್ದೇ ಇಲ್ಲ.

"ನೂರಕ್ಕೆ ಹದಿನೈದು ಕಣೇ. ಹದಿನೈದು ಅಂದ್ರೆ ಫೇಲ್ ಅಲ್ವಾ?" ಅಂದಳು. ಅಳು ಬಂದುಬಿಟ್ಟಿತ್ತು.

ಮಧ್ಯಾಹ್ನವಷ್ಟೇ ನಾನು ಅದೇ ಲೆಕ್ಕ ಮಾಡಿದ್ದೆ. ಸರಾಸರಿ 70, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 8, ಹಾಗಾದರೆ 62 ಯಾವ ಪರ್ಸೆಂಟೈಲ್? ಗಂಟೆಯಾಕಾರದ ಗೆರೆ ಬರೆದು, ಸರಾಸರಿಯ ಕೆಳಗಿರುವ 50ರಲ್ಲಿ 62ರಿಂದ 70ರ ನಡುವೆ ಬರುವ 34 ಕಳೆದು, 16 ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಹತ್ತು ಸೆಕೆಂಡ್ ಕೂಡ ಹಿಡಿದಿರಲಿಲ್ಲ. ಅದೇ ಜಾಗದಲ್ಲಿ ನಮ್ಮ ಚಿನ್ನು ನಿಂತಿದ್ದಾಳೆ, ಅಕ್ಕ ಅಳುತ್ತಿದ್ದಾಳೆ.

"ಅಕ್ಕ, ಅದು ಮಾರ್ಕ್ಸ್ ಅಲ್ಲ. ನೂರು ಮಕ್ಕಳನ್ನ ತೂಕ ನೋಡಿ ಸಾಲಾಗಿ ನಿಲ್ಲಿಸಿದ್ದಾರೆ ಅಂದ್ಕೋ. ಹಗುರ ಇರೋರು ಈ ಕಡೆ, ಭಾರ ಇರೋರು ಆ ಕಡೆ. ಚಿನ್ನು ಹದಿನೈದು ಮಕ್ಕಳಾದ ಮೇಲೆ ನಿಂತಿದ್ದಾಳೆ, ಅಷ್ಟೇ."

"ಅಂದ್ರೆ ಎಂಬತ್ತೈದು ಮಕ್ಕಳು ಇವಳಿಗಿಂತ ಮುಂದೆ ಇದ್ದಾರೆ ತಾನೆ?"

ಇದಕ್ಕೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವಳ ಲೆಕ್ಕ ಸರಿಯಾಗೇ ಇತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದೆ ಅಲ್ಲಕ್ಕ, ಭಾರ ಜಾಸ್ತಿ" ಅಂದೆ. ಆ ಚಾರ್ಟ್ ವಿಶ್ವ ಆರೋಗ್ಯ ಸಂಸ್ಥೆಯದು. ಅದನ್ನು ಮಾಡುವಾಗ ಭಾರತವೂ ಸೇರಿ ಆರು ದೇಶದಲ್ಲಿ ಚೆನ್ನಾಗಿ ಬೆಳೆಯುತ್ತಿದ್ದ, ಎದೆಹಾಲು ಕುಡಿದ ಮಕ್ಕಳನ್ನೇ ಆರಿಸಿಕೊಂಡಿದ್ದರು. ಆ ಸಾಲಿನಲ್ಲಿ ಹದಿನೈದನೆಯ ಮಗುವೂ ಆರೋಗ್ಯವಾಗಿದ್ದ ಮಗುವೇ. ವರ್ಷದ ಹೆಣ್ಣುಮಗುವಿಗೆ ನಡುವಿನ ತೂಕ 8.9. ಅಂಗನವಾಡಿಯ ಚಾರ್ಟಿನಲ್ಲಿ ಹಳದಿ ಬಣ್ಣ ಶುರುವಾಗುವುದು 7 ಕೆಜಿಗಿಂತ ಕೆಳಗೆ. ಚಿನ್ನು ಹಸಿರಿನಲ್ಲೇ ಇದ್ದಾಳೆ. ಇದನ್ನೆಲ್ಲ ನಿಧಾನವಾಗಿ ಹೇಳಿದೆ. ಅಕ್ಕ ನನಗಿಂತ ಹೆಚ್ಚಾಗಿ ಆ ಹಸಿರನ್ನು ನಂಬಿದಳು. "ಹಸಿರಾ? ನಿಜ ತಾನೆ?" ಅಂತ ಎರಡು ಸಲ ಕೇಳಿದಳು. ಭಾವನೂ ಚಿಕ್ಕಂದಿನಲ್ಲಿ ಕಡ್ಡಿ ಹಾಗೇ ಇದ್ದರು ಅಂತ ಅವಳೇ ಹೇಳಿಕೊಂಡಳು.

ಆಮೇಲೆ, "ನಿನ್ನ ಪರೀಕ್ಷೆ ಏನಾಯ್ತೇ?" ಅಂದಳು. ಭಾನುವಾರದ ಮಾಕ್ ಟೆಸ್ಟಿನಲ್ಲಿ ಗಣಿತಕ್ಕೆ 158 ಅಂದೆ. 130ರಿಂದ 170ರ ತನಕ ಕೊಡುತ್ತಾರೆ ಅಂತಲೂ ಹೇಳಿದೆ.

"ಅದು ಜಾಸ್ತಿನಾ, ಕಮ್ಮಿನಾ?"

"ಸಾಲಿನಲ್ಲಿ..." ಅಂತ ಶುರು ಮಾಡಿ ನಿಲ್ಲಿಸಿದೆ.

ಅಲ್ಲಿಂದ ಮನಸ್ಸು ಸರಿಯಿಲ್ಲ. ಮೂರು ವಾರದಿಂದ ರಾತ್ರಿ ಮಲಗುವ ಮುಂಚೆ ಪರ್ಸೆಂಟೈಲ್ ಪಟ್ಟಿ ನೋಡದೆ ಮಲಗಿಲ್ಲ ನಾನು. 170ಕ್ಕೆ 170 ಬಂದರೂ ಗಣಿತದಲ್ಲಿ 99ನೇ ಪರ್ಸೆಂಟೈಲ್ ಸಿಗುವುದಿಲ್ಲ, ಅಷ್ಟು ಜನಕ್ಕೆ ಪೂರ್ತಿ ಅಂಕ ಬರುತ್ತದೆ. ಆ ಪಟ್ಟಿಯನ್ನು ವರ್ಷ ವರ್ಷ ಹೊಸ ಪರೀಕ್ಷಾರ್ಥಿಗಳನ್ನು ಸೇರಿಸಿ ಮತ್ತೆ ಮಾಡುತ್ತಾರೆ. ಅಂಕ ಇದ್ದಲ್ಲೇ ಇರುತ್ತದೆ, ಸುತ್ತ ನಿಂತವರು ಬದಲಾಗುತ್ತಾರೆ. ನನಗೆ ಕಾಂಬಿನೇಶನ್ ಬರುತ್ತದೋ ಇಲ್ಲವೋ ಅನ್ನುವುದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅಕ್ಕನಿಗೆ ಇಷ್ಟು ಚೆನ್ನಾಗಿ ಹೇಳಿದೆನಲ್ಲ, 158 ನೋಡಿದಾಗ ನನ್ನ ಹೊಟ್ಟೆಯಲ್ಲಿ ಯಾಕೆ ಅಷ್ಟು ಸಂಕಟ ಆಗಬೇಕು?

ಅಮ್ಮ ಊಟಕ್ಕೆ ಎರಡು ಸಲ ಕರೆದಾಯಿತು. ನಾಳಿದ್ದು ಭೀಮನ ಅಮಾವಾಸ್ಯೆ, ಅವಳಿಗೆ ಅದರದ್ದೇ ಓಡಾಟ.

ಊಟ ಮಾಡುತ್ತಾ ಒಂದು ವಿಷಯ ಹೊಳೆಯಿತು. ಒಂದು ಚುಕ್ಕೆಯಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಹಿಂದಿನ ಚುಕ್ಕೆಗಳು ಬೇಕು. ಒಂಬತ್ತು ತಿಂಗಳಲ್ಲಿ ಚಿನ್ನು 7.3 ಇದ್ದಳು ಅಂತ ಅಕ್ಕ ಮಾತಿನ ಮಧ್ಯೆ ಅಂದಿದ್ದಳು. ಪಟ್ಟಿ ತೆಗೆದು ನೋಡಿದೆ. ಹೆಚ್ಚುಕಮ್ಮಿ ಇದೇ ಗೆರೆ. ಅಂದರೆ ಅವಳು ತನ್ನ ಗೆರೆ ಹಿಡಿದೇ ಬೆಳೆಯುತ್ತಿದ್ದಾಳೆ, ಜಾರಿಲ್ಲ. ಆರು ತಿಂಗಳಿದ್ದಾಗ ಎಷ್ಟಿತ್ತು ಅಂತ ಕೇಳೋದು ಮರೆತೆ. ತಾಯಿ ಕಾರ್ಡಿನಲ್ಲಿ ಬರೆದಿರಬೇಕು. ಬೆಳಿಗ್ಗೆ ಎದ್ದ ತಕ್ಷಣ ಅಕ್ಕನಿಗೆ ಫೋನ್ ಮಾಡಿ ಕೇಳಬೇಕು. ನನ್ನ ಜೂನ್ ತಿಂಗಳ ಅಂಕಗಳೂ ನೋಟ್‌ಬುಕ್ಕಿನಲ್ಲಿ ಎಲ್ಲೋ ಇರಬೇಕು.